ಮೆದುಳಿಗೆ ಚಿಪ್ ಹಾಕಿಸಿದರೆ ಹೋದ ಮಾತು ವಾಪಸ್ ಬರುತ್ತಾ? ಬಿಸಿಐ ಮಾರುಕಟ್ಟೆಯಲ್ಲಿ ನಿಜ ಎಷ್ಟು, ಆಸೆ ಎಷ್ಟು

ಕಳೆದ ತಿಂಗಳು ನಮ್ಮ ದೊಡ್ಡಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ಗಾಲಿಕುರ್ಚಿಯಲ್ಲಿ ಕೂತ ಯುವಕನೊಬ್ಬ ಕೈ ಅಲ್ಲಾಡಿಸದೆ ಕಂಪ್ಯೂಟರಿನಲ್ಲಿ ಚೆಸ್ ಆಡುತ್ತಿದ್ದಾನೆ. ಕೆಳಗೆ ಹೀಗಿತ್ತು: "ಮೆದುಳಿನ ಚಿಪ್ ಬಂದಿದೆ. ಲಕ್ವ ಹೊಡೆದವರು ಮಾತಾಡುತ್ತಾರೆ, ನಡೆಯುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡಿದ್ದೆಲ್ಲ ಮೊಬೈಲಿನಲ್ಲಿ ಟೈಪ್ ಆಗುತ್ತದೆ. ಎಲ್ಲರಿಗೂ ಕಳಿಸಿ." ಹತ್ತು ನಿಮಿಷಕ್ಕೆ ನನಗೆ ಫೋನ್ ಬಂತು. "ನೋಡೇ, ಇದು ನಿಮ್ಮ ದೊಡ್ಡಪ್ಪಂಗೆ ಆಗುತ್ತಾ? ದುಡ್ಡು ಎಷ್ಟಾದ್ರೂ ಆಗ್ಲಿ, ಬೇಕಾದ್ರೆ ಸೈಟ್ ಮಾರ್ತೀವಿ."

ದೊಡ್ಡಪ್ಪನಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಹಾಗಾಗಿ ಇದು ಬರೀ ಕುತೂಹಲದ ಪ್ರಶ್ನೆಯಲ್ಲ, ಒಂದು ಮನೆಯ ಉಳಿತಾಯದ ಪ್ರಶ್ನೆ. ನಿಮ್ಮ ಗ್ರೂಪಿಗೂ ಇಂಥ ಫಾರ್ವರ್ಡ್ ಬಂದಿರಬಹುದು. ಅದರಲ್ಲಿ ಯಾವುದು ನಿಜ, ಯಾವುದು ಉತ್ಪ್ರೇಕ್ಷೆ ಎಂದು ಒಂದೊಂದಾಗಿ ನೋಡೋಣ.

ಆ ವಿಡಿಯೊ ನಿಜವೇ?

ವಿಡಿಯೊ ನಿಜ. ಅದು ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2023ರ ಮೇ ತಿಂಗಳಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆಸಲು ಈ ಕಂಪನಿಗೆ ಅನುಮತಿ ಕೊಟ್ಟಿತು. 2024ರ ಜನವರಿಯಲ್ಲಿ ಮೊದಲ ಬಾರಿಗೆ ಒಬ್ಬರ ಮೆದುಳಿಗೆ ಚಿಪ್ ಕೂರಿಸಲಾಯಿತು. ಬೆನ್ನುಹುರಿಗೆ ಪೆಟ್ಟಾಗಿ ಕತ್ತಿನಿಂದ ಕೆಳಗೆ ಸ್ವಾಧೀನ ಇಲ್ಲದ ಯುವಕ ಅವರು. ಮಾರ್ಚ್‌ನಲ್ಲಿ ಅವರು ಚೆಸ್ ಆಡಿದ್ದನ್ನು ಕಂಪನಿ ನೇರಪ್ರಸಾರ ಮಾಡಿತು.

ಆದರೆ ಫಾರ್ವರ್ಡ್ ಹೇಳದ ಸಂಗತಿಯೂ ಇದೆ. ಆ ಚಿಪ್‌ನಲ್ಲಿ ಕೂದಲಿಗಿಂತ ತೆಳುವಾದ 64 ಎಳೆಗಳಿವೆ, ಅವುಗಳ ಮೇಲೆ 1,024 ಎಲೆಕ್ಟ್ರೋಡ್‌ಗಳಿವೆ. ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಹಲವು ಎಳೆಗಳು ಮೆದುಳಿನಿಂದ ಹಿಂದಕ್ಕೆ ಸರಿದವು, ಸಿಗ್ನಲ್ ಕಡಿಮೆಯಾಯಿತು. ಕಂಪನಿ ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಿಕೊಂಡಿತು. ಇನ್ನೊಂದು ಮಾತು: ಆ ಯುವಕ ಕರ್ಸರ್ ನಡೆಸಿದರು, ಆಟ ಆಡಿದರು. ಎದ್ದು ನಡೆಯಲಿಲ್ಲ. ಮಾತಂತೂ ಅವರಿಗೆ ಮೊದಲಿನಿಂದಲೂ ಇತ್ತು.

ಬಿಸಿಐ ಎಂದರೆ ಏನು?

ಬ್ರೇನ್ ಕಂಪ್ಯೂಟರ್ ಇಂಟರ್‌ಫೇಸ್ ಎಂಬುದರ ಚುಟುಕು ಹೆಸರು ಬಿಸಿಐ. ಮೆದುಳಿನ ವಿದ್ಯುತ್ ಸಂಕೇತವನ್ನು ಹಿಡಿದು ಕಂಪ್ಯೂಟರ್‌ಗೆ ಆದೇಶವಾಗಿ ಬದಲಿಸುವ ಸಾಧನ ಎಂದಿಟ್ಟುಕೊಳ್ಳಿ.

ಇದು ನಿನ್ನೆ ಮೊನ್ನೆಯ ವಿಷಯವಲ್ಲ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲೇ ಮನುಷ್ಯರ ನೆತ್ತಿಯ ಮೇಲಿನಿಂದ ಮೆದುಳಿನ ಅಲೆಗಳನ್ನು ದಾಖಲಿಸಿದ್ದರು. ಆಸ್ಪತ್ರೆಯಲ್ಲಿ ಮೂರ್ಛೆ ರೋಗಕ್ಕೆ ಮಾಡಿಸುವ ಇಇಜಿ ಹುಟ್ಟಿದ್ದು ಹಾಗೆ. ಬ್ರೇನ್ ಕಂಪ್ಯೂಟರ್ ಇಂಟರ್‌ಫೇಸ್ ಎಂಬ ಹೆಸರು ಕೊಟ್ಟವರು ಕ್ಯಾಲಿಫೋರ್ನಿಯಾದ ಸಂಶೋಧಕ ಜಾಕ್ ವಿಡಾಲ್, 1973ರಲ್ಲಿ.

ಸಿಗ್ನಲ್ ಹಿಡಿಯುವ ದಾರಿ ಮುಖ್ಯವಾಗಿ ಮೂರು. ಒಂದು, ನೆತ್ತಿಯ ಮೇಲೆ ಎಲೆಕ್ಟ್ರೋಡ್ ಇಡುವುದು. ಇದಕ್ಕೆ ಆಪರೇಷನ್ ಬೇಡ, ಆದರೆ ಸಿಗ್ನಲ್ ಮಸುಕು. ಕ್ರೀಡಾಂಗಣದ ಹೊರಗೆ ನಿಂತು ಒಳಗಿನ ಗದ್ದಲ ಕೇಳಿದ ಹಾಗೆ. ಸಿಕ್ಸರ್ ಬಿತ್ತು ಅಂತ ಗೊತ್ತಾಗುತ್ತದೆ, ಯಾವ ಸೀಟಿನವರು ಏನಂದರು ಅಂತ ಗೊತ್ತಾಗುವುದಿಲ್ಲ. ಎರಡು, ತಲೆಬುರುಡೆ ತೆರೆದು ಮೆದುಳಿನ ಮೇಲೆ ಅಥವಾ ಒಳಗೆ ಎಲೆಕ್ಟ್ರೋಡ್ ಕೂರಿಸುವುದು. ನ್ಯೂರಾಲಿಂಕ್ ಈ ದಾರಿಯದು. ಮೂರು, ಹೃದಯಕ್ಕೆ ಸ್ಟೆಂಟ್ ಹಾಕುವ ಹಾಗೆ ರಕ್ತನಾಳದ ಮೂಲಕ ಸಾಧನವನ್ನು ಮೆದುಳಿನ ಹತ್ತಿರ ಕಳಿಸುವುದು. ಸಿಂಕ್ರಾನ್ ಎಂಬ ಕಂಪನಿ ಕತ್ತಿನ ರಕ್ತನಾಳದಿಂದ ಹೀಗೆ ಮಾಡುತ್ತದೆ.

ಹಾಗಾದರೆ ಇದು ಮನಸ್ಸನ್ನು ಓದುತ್ತದೆಯೇ?

ಫಾರ್ವರ್ಡ್‌ಗಳು ಹೇಳುವ ಅರ್ಥದಲ್ಲಿ ಇಲ್ಲ. ಇಂದಿನ ಬಿಸಿಐ ಹೆಚ್ಚಾಗಿ ಹಿಡಿಯುವುದು ಒಂದು ಪ್ರಯತ್ನವನ್ನು. 2021ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು, ಕೈ ಸ್ವಾಧೀನವಿಲ್ಲದ ವ್ಯಕ್ತಿಗೆ ಪೆನ್ನು ಹಿಡಿದು ಬರೆಯುತ್ತಿರುವ ಹಾಗೆ ಕಲ್ಪಿಸಿಕೊಳ್ಳಲು ಹೇಳಿದರು. ಆ ಸಿಗ್ನಲ್‌ನಿಂದ ನಿಮಿಷಕ್ಕೆ 90 ಅಕ್ಷರ ಟೈಪ್ ಆಯಿತು. 2024ರಲ್ಲಿ ಯುಸಿ ಡೇವಿಸ್ ವಿಶ್ವವಿದ್ಯಾಲಯದ ತಂಡ, ಎಎಲ್‌ಎಸ್ ಎಂಬ ನರರೋಗದಿಂದ ಮಾತು ಅಸ್ಪಷ್ಟವಾಗಿದ್ದವರೊಬ್ಬರ ಮೆದುಳಿನಲ್ಲಿ 256 ಎಲೆಕ್ಟ್ರೋಡ್ ಇಟ್ಟಿತು. ಅವರು ಮಾತಾಡಲು ಪ್ರಯತ್ನಿಸಿದಾಗ ಕಂಪ್ಯೂಟರ್ ಸುಮಾರು 97 ಶೇಕಡ ಪದಗಳನ್ನು ಸರಿಯಾಗಿ ಹಿಡಿಯಿತು. ಅವರ ಹಳೆಯ ದನಿಯನ್ನೇ ಹೋಲುವ ದನಿಯಲ್ಲಿ ಓದಿಯೂ ಹೇಳಿತು.

ಇಲ್ಲೆಲ್ಲ ಎರಡು ಷರತ್ತುಗಳಿವೆ. ಆ ವ್ಯಕ್ತಿ ಒಪ್ಪಿ ಸಹಕರಿಸಬೇಕು, ಕಂಪ್ಯೂಟರ್ ಅವರೊಬ್ಬರ ಮೆದುಳಿನ ಧಾಟಿಯನ್ನು ಕಲಿಯಬೇಕು. ಒಬ್ಬರಿಗಾಗಿ ಕಲಿತಿದ್ದು ಇನ್ನೊಬ್ಬರಿಗೆ ಹಾಗೇ ನಡೆಯುವುದಿಲ್ಲ.

ಹಾಗಂತ ಚಿಂತೆಯೇ ಬೇಡ ಎಂದೂ ಹೇಳಲಾಗದು. 2025ರಲ್ಲಿ ಸ್ಟ್ಯಾನ್‌ಫೋರ್ಡ್ ತಂಡವೊಂದು, ಬಾಯಿಂದ ಹೇಳಲು ಯತ್ನಿಸದೆ ಮನಸ್ಸಿನಲ್ಲೇ ಅಂದುಕೊಂಡ ವಾಕ್ಯಗಳನ್ನೂ ಭಾಗಶಃ ಹಿಡಿಯಬಹುದು ಎಂದು ತೋರಿಸಿತು. ನಿಖರತೆ ಹೆಚ್ಚೆಂದರೆ 74 ಶೇಕಡ. ಆ ಸಂಶೋಧಕರೇ ಅದಕ್ಕೊಂದು ಬೀಗವನ್ನೂ ರೂಪಿಸಿದರು. ಬಳಸುವವರು ಮನಸ್ಸಿನಲ್ಲಿ ಗುಪ್ತಪದ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರುಮಾಡುತ್ತದೆ.

ಅಂಗಡಿಯಲ್ಲಿ ಈಗ ಏನು ಸಿಗುತ್ತದೆ?

ಮಾರುಕಟ್ಟೆ ಬೆಳೆಯುತ್ತಿದೆ ಎಂದಾಗ ಬೇರೆ ಬೇರೆ ವಸ್ತುಗಳನ್ನು ಒಂದೇ ಬುಟ್ಟಿಗೆ ಹಾಕುತ್ತಾರೆ. ಬಿಡಿಸಿ ನೋಡಿ:

1. ಹಳೆಯ, ನಂಬಬಹುದಾದ ಸಾಧನಗಳು. ಕಿವುಡುತನಕ್ಕೆ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ರೋಗಕ್ಕೆ ಮೆದುಳಿನೊಳಗೆ ವಿದ್ಯುತ್ ಉದ್ದೀಪನೆ. ಇವು ಭಾರತದಲ್ಲೂ ಇವೆ. ಆದರೆ ಇವು ಮುಖ್ಯವಾಗಿ ನರಕ್ಕೆ ಅಥವಾ ಮೆದುಳಿಗೆ ಸಿಗ್ನಲ್ ಕೊಡುವಂಥವು.

2. ಸ್ಟ್ರೋಕ್ ಆದ ಕೈಗೆ ವ್ಯಾಯಾಮ ಮಾಡಿಸುವ ಸಾಧನ. ಇಪ್ಸಿಹ್ಯಾಂಡ್ ಎಂಬುದಕ್ಕೆ 2021ರಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿದೆ. ಆಪರೇಷನ್ ಇಲ್ಲ. ನೆತ್ತಿಯ ಸಿಗ್ನಲ್ ನೋಡಿ ಕೈಗೆ ತೊಡಿಸಿದ ಯಂತ್ರ ಬೆರಳನ್ನು ತೆರೆದು ಮುಚ್ಚಿಸುತ್ತದೆ. ಇದು ಫಿಸಿಯೋಥೆರಪಿಗೆ ಸಹಾಯಕ.

3. ಕರ್ಸರ್ ಮತ್ತು ಮಾತಿಗಾಗಿ ಕೂರಿಸುವ ಚಿಪ್‌ಗಳು. ನ್ಯೂರಾಲಿಂಕ್, ಸಿಂಕ್ರಾನ್ ಮೊದಲಾದ ಕಂಪನಿಗಳವು ಪ್ರಯೋಗದ ಹಂತದವು. ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ವಸ್ತುಗಳಲ್ಲ, ಆಯ್ದ ರೋಗಿಗಳ ಮೇಲಿನ ಪರೀಕ್ಷೆಗಳು.

4. ಹೆಡ್‌ಬ್ಯಾಂಡ್‌ಗಳು. ಏಕಾಗ್ರತೆ, ನಿದ್ದೆ, ಧ್ಯಾನದ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಇಇಜಿ ಪಟ್ಟಿಗಳು. ನಮ್ಮ ನಿಮ್ಮ ಮನೆಗೆ ಮೊದಲು ಬರುವುದು ಇವೇ.

ಸಾವಿರಾರು ಕೋಟಿ ಎನ್ನುತ್ತಾರಲ್ಲ?

ದುಡ್ಡು ಹರಿಯುತ್ತಿರುವುದು ನಿಜ. ನ್ಯೂರಾಲಿಂಕ್ 2025ರ ಜೂನ್‌ನಲ್ಲಿ 65 ಕೋಟಿ ಡಾಲರ್, ಅಂದರೆ ಸುಮಾರು ಐದೂವರೆ ಸಾವಿರ ಕೋಟಿ ರೂಪಾಯಿ ಬಂಡವಾಳ ಪಡೆಯಿತು. ಸಿಂಕ್ರಾನ್‌ನಲ್ಲಿ ಬಿಲ್ ಗೇಟ್ಸ್, ಜೆಫ್ ಬೆಜೋಸ್ ಅವರ ಹೂಡಿಕೆ ಸಂಸ್ಥೆಗಳ ಹಣವಿದೆ. ಚೀನಾದ ಸರ್ಕಾರ 2027 ಮತ್ತು 2030ಕ್ಕೆ ಗುರಿ ಇಟ್ಟುಕೊಂಡು ಈ ಉದ್ಯಮ ಬೆಳೆಸಲು ಯೋಜನೆ ಪ್ರಕಟಿಸಿದೆ.

ಆದರೆ ಬಂಡವಾಳ ಬಂತು ಎಂದರೆ ಮಾಲು ಮಾರಾಟವಾಗುತ್ತಿದೆ ಎಂದಲ್ಲ. ಮಾರ್ಗನ್ ಸ್ಟಾನ್ಲಿ 2024ರಲ್ಲಿ ಅಮೆರಿಕದಲ್ಲೇ 40,000 ಕೋಟಿ ಡಾಲರ್ ಮಾರುಕಟ್ಟೆ ಸಾಧ್ಯ ಎಂದಿತು. ಅದು ಎಷ್ಟು ರೋಗಿಗಳಿಗೆ ಉಪಯೋಗವಾಗಬಹುದು ಎಂಬುದನ್ನು ಸಾಧನದ ಬೆಲೆಗೆ ಗುಣಿಸಿ ಬಂದ ಲೆಕ್ಕ. ಊರಿನಲ್ಲಿ ಹತ್ತು ಸಾವಿರ ಮನೆಗಳಿವೆ, ಹಾಗಾಗಿ ಹತ್ತು ಸಾವಿರ ಫ್ರಿಜ್ ಮಾರಬಹುದು ಎಂದ ಹಾಗೆ. ಫ್ರಿಜ್ ಇನ್ನೂ ಫ್ಯಾಕ್ಟರಿಯಲ್ಲಿ ಪರೀಕ್ಷೆಯಾಗುತ್ತಿದೆ.

ಮಕ್ಕಳ ಏಕಾಗ್ರತೆಗೆ ಹೆಡ್‌ಬ್ಯಾಂಡ್ ಕೊಡಿಸಬಹುದೇ?

ಪರೀಕ್ಷೆಯ ಸಮಯದಲ್ಲಿ ಇಂಥ ಜಾಹೀರಾತು ಕಂಡರೆ ಸ್ವಲ್ಪ ನಿಲ್ಲಿ. ನೆತ್ತಿಯ ಮೇಲೆ ಸಿಗುವ ಸಿಗ್ನಲ್ ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದ್ದು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಹುಟ್ಟುವ ಸಿಗ್ನಲ್ ಅದಕ್ಕಿಂತ ದೊಡ್ಡದು. ಸುತ್ತಲಿನ ಯಂತ್ರಗಳ ಗಲಾಟೆಯೂ ಸೇರಿಕೊಳ್ಳುತ್ತದೆ. 1970ರ ದಶಕದಲ್ಲಿ ಕೆನಡಾದ ವೈದ್ಯ ಆಡ್ರಿಯನ್ ಅಪ್ಟನ್ ಆಸ್ಪತ್ರೆಯಲ್ಲಿ ತಿನ್ನುವ ಜೆಲ್ಲಿಯ ಗುಡ್ಡೆಗೇ ಇಇಜಿ ಜೋಡಿಸಿದರು. ಅದಕ್ಕೂ ಮೆದುಳಿನ ಅಲೆಯಂಥ ಗೆರೆಗಳು ಬಂದವು! ಅಕ್ಕಪಕ್ಕದ ಉಪಕರಣಗಳ ಅಡಚಣೆಯೇ ಗೆರೆಯಾಗಿ ಕಂಡಿತ್ತು. ಆಸ್ಪತ್ರೆಯ ಯಂತ್ರಕ್ಕೇ ಹೀಗಾದರೆ ಎರಡು ಮೂರು ಎಲೆಕ್ಟ್ರೋಡಿನ ಪಟ್ಟಿ "ನಿಮ್ಮ ಮಗಳ ಗಮನ 63 ಶೇಕಡ" ಎಂದಾಗ ಎಷ್ಟು ನಂಬಬೇಕು ಎಂದು ಯೋಚಿಸಿ.

ಚೀನಾದ ಜೆಜಿಯಾಂಗ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆ ಮಕ್ಕಳ ತಲೆಗೆ ಇಂಥ ಪಟ್ಟಿ ಕಟ್ಟಿ, ಅಂಕಿಗಳನ್ನು ಶಿಕ್ಷಕರಿಗೂ ಪೋಷಕರಿಗೂ ತೋರಿಸುತ್ತಿತ್ತು. ಸುದ್ದಿ ಹೊರಬಂದು ಜನ ಸಿಟ್ಟಾದ ಮೇಲೆ 2019ರಲ್ಲಿ ಸ್ಥಳೀಯ ಶಿಕ್ಷಣ ಇಲಾಖೆ ಅದನ್ನು ನಿಲ್ಲಿಸಿತು.

ಮೆದುಳಿನ ಡೇಟಾ ಯಾರ ಸ್ವತ್ತು?

2024ರಲ್ಲಿ ನ್ಯೂರೋರೈಟ್ಸ್ ಫೌಂಡೇಶನ್ ಇಂಥ ಸಾಧನ ಮಾರುವ 30 ಕಂಪನಿಗಳ ಷರತ್ತುಗಳನ್ನು ಓದಿ ನೋಡಿತು. 29 ಕಂಪನಿಗಳು ಗ್ರಾಹಕರ ಮೆದುಳಿನ ಡೇಟಾವನ್ನು ಸರಿಯಾದ ಮಿತಿಯೇ ಇಲ್ಲದೆ ಪಡೆಯಬಹುದಾದ ಸ್ಥಿತಿ ಇತ್ತು. ಚಿಲಿ ದೇಶ 2021ರಲ್ಲಿ ಮೆದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಬ್ಬ ಗ್ರಾಹಕರ ಮೆದುಳಿನ ಡೇಟಾ ಅಳಿಸುವಂತೆ ಹೆಡ್‌ಸೆಟ್ ಕಂಪನಿಯೊಂದಕ್ಕೆ ಆದೇಶಿಸಿತು. ಅಮೆರಿಕದ ಕೊಲೊರಾಡೊ, ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಕಾನೂನು ಮಾಡಿದವು.

ನಮ್ಮಲ್ಲಿ? ಈ ವಿಷಯದಲ್ಲಿ ದೇಶದ ಮುಖ್ಯ ತೀರ್ಪೊಂದರ ಹೆಸರಿನಲ್ಲೇ ಕರ್ನಾಟಕವಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಇವ್ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ಅದು ಪೊಲೀಸ್ ತನಿಖೆಯ ಮಾತು. ಕಂಪನಿಗಳಿಗೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ. 18 ವರ್ಷದೊಳಗಿನವರ ಡೇಟಾಕ್ಕೆ ಪೋಷಕರ ಒಪ್ಪಿಗೆ ಬೇಕು ಎಂದು ಅದು ಹೇಳುತ್ತದೆ. ಆದರೆ ಮೆದುಳಿನ ಸಿಗ್ನಲ್‌ಗೆ ಪ್ರತ್ಯೇಕ ರಕ್ಷಣೆ ಅದರಲ್ಲಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ "ಒಪ್ಪುತ್ತೇನೆ" ಒತ್ತುವುದಕ್ಕೆ ಮೊದಲು ಓದುವ ಕೆಲಸ ನಮ್ಮದೇ.

ಕಂಪನಿ ಮುಚ್ಚಿಹೋದರೆ?

ಆರ್ಗಸ್ 2 ಎಂಬ ಕಣ್ಣಿನ ಇಂಪ್ಲಾಂಟ್ ದೃಷ್ಟಿ ಕಳೆದುಕೊಂಡವರಿಗೆ ಬೆಳಕು ನೆರಳಿನ ಅರಿವು ಕೊಡುತ್ತಿತ್ತು. ಎಫ್‌ಡಿಎ 2013ರಲ್ಲಿ ಅನುಮತಿ ಕೊಟ್ಟಿತ್ತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಅದರ ತಯಾರಿಕೆ ಬಿಟ್ಟಿತು, ಮರುವರ್ಷ ಕಂಪನಿಯೇ ಮುಳುಗುವ ಸ್ಥಿತಿಗೆ ಬಂತು. ಕೆಟ್ಟರೆ ರಿಪೇರಿ ಮಾಡುವವರಿಲ್ಲ, ಬಿಡಿಭಾಗವಿಲ್ಲ. ಇಂಪ್ಲಾಂಟ್ ಮಾತ್ರ ಕಣ್ಣೊಳಗೇ ಉಳಿಯಿತು. ಮೊಬೈಲ್ ಕಂಪನಿ ಮುಚ್ಚಿದರೆ ಬೇರೆ ಮೊಬೈಲ್ ಕೊಳ್ಳಬಹುದು. ತಲೆಯೊಳಗಿನ ಚಿಪ್‌ಗೆ ಆ ಮಾತು ಹೇಳಲಾಗದು.

ದೊಡ್ಡಮ್ಮನಿಗೆ ಹೇಳಿದ್ದು

ಕೊನೆಗೆ ಅವರ ಪ್ರಶ್ನೆ. ಮಾತು ನಿಲ್ಲುವುದರಲ್ಲಿ ಎರಡು ಬಗೆ ಇದೆ. ಎಎಲ್‌ಎಸ್‌ನಲ್ಲಿ, ಮೆದುಳಿನ ಕಾಂಡಕ್ಕೆ ಆಗುವ ಸ್ಟ್ರೋಕ್‌ನಲ್ಲಿ ಮೆದುಳು ಪದಗಳನ್ನು ಜೋಡಿಸುತ್ತದೆ, ನಾಲಿಗೆ ತುಟಿಗಳಿಗೆ ಆದೇಶ ಮುಟ್ಟುವುದಿಲ್ಲ. ಮಾತಿನ ಬಿಸಿಐ ಈವರೆಗೆ ಯಶಸ್ಸು ಕಂಡಿರುವುದು ಇಂಥವರಲ್ಲಿ. ಇನ್ನೊಂದು ಅಫೇಸಿಯಾ. ಬಲಗೈ ಜೊತೆಗೆ ಮಾತು ಹೋಗುವ ಬಹುಪಾಲು ಸ್ಟ್ರೋಕ್‌ಗಳಲ್ಲಿ ಪದ ಜೋಡಿಸುವ ಭಾಗಕ್ಕೇ ಪೆಟ್ಟಾಗಿರುತ್ತದೆ. ಓದುವುದಕ್ಕೆ ಅಲ್ಲಿ ಸಿದ್ಧ ವಾಕ್ಯವೇ ಇಲ್ಲದಿದ್ದರೆ ಚಿಪ್ ಏನನ್ನು ಓದೀತು? ದೊಡ್ಡಪ್ಪನದು ಅಫೇಸಿಯಾ ಎಂದು ವೈದ್ಯರು ಮೊದಲೇ ಬರೆದಿದ್ದರು.

"ಹಾಗಾದ್ರೆ ಏನೂ ಇಲ್ವಾ?" ಎಂದರು ದೊಡ್ಡಮ್ಮ. ಇದೆ. ಅಫೇಸಿಯಾಕ್ಕೆ ವಾಕ್ ಚಿಕಿತ್ಸೆ ಇದೆ, ಸ್ಟ್ರೋಕ್ ಆಗಿ ವರ್ಷಗಳಾದ ಮೇಲೂ ಅದರಿಂದ ಸುಧಾರಣೆ ಸಾಧ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ವಾಕ್ ಚಿಕಿತ್ಸಾ ತಜ್ಞರಿದ್ದಾರೆ. ಚಿತ್ರ ತೋರಿಸಿ ಬೇಕಾದ್ದು ಹೇಳುವ ಬೋರ್ಡು, ಮುಟ್ಟಿದರೆ ಮಾತಾಡುವ ಆ್ಯಪ್ ಬಳಸುವುದನ್ನೂ ಕಲಿಸುತ್ತಾರೆ. ಸೈಟ್ ಮಾರಬೇಕಿಲ್ಲ. ಈಗ ದೊಡ್ಡಪ್ಪ ವಾರಕ್ಕೆರಡು ಸಲ ಹೋಗುತ್ತಿದ್ದಾರೆ. ಕಾಫಿ ಲೋಟದ ಚಿತ್ರ ತೋರಿಸಿ ಕಾಫಿ ಕೇಳುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

- "ಚಿಪ್ ಹಾಕುತ್ತೇವೆ, ಮುಂಗಡ ಕಳಿಸಿ" ಎನ್ನುವ ಫೋನ್ ನಂಬರ್ ಇದ್ದರೆ ಫಾರ್ವರ್ಡ್ ಮಾಡಬೇಡಿ. ಭಾರತದಲ್ಲಿ ನಡೆಯುವ ವೈದ್ಯಕೀಯ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು. ಅಲ್ಲಿ ಯಾರು ಬೇಕಾದರೂ ಹುಡುಕಬಹುದು.
- ವಿಡಿಯೊದಲ್ಲಿ ಇರುವವರ ಕಾಯಿಲೆ ಯಾವುದು, ನಿಮ್ಮ ಮನೆಯವರದು ಯಾವುದು ಎಂದು ವೈದ್ಯರನ್ನು ಕೇಳಿ.
- "ಅನುಮತಿ ಸಿಕ್ಕಿದೆ" ಎಂದಿದ್ದರೆ ಪ್ರಯೋಗ ಮಾಡಲು ಅನುಮತಿಯೋ, ಮಾರಾಟಕ್ಕೆ ಅನುಮತಿಯೋ ನೋಡಿ. ಎರಡೂ ಬೇರೆ.
- ಹೆಡ್‌ಬ್ಯಾಂಡ್ ಕೊಳ್ಳುವುದಾದರೆ ಡೇಟಾ ಎಲ್ಲಿ ಉಳಿಯುತ್ತದೆ, ಅಳಿಸಲು ಆಗುತ್ತದೆಯೇ ಎಂದು ಮೊದಲು ಓದಿ.

ಈ ತಂತ್ರಜ್ಞಾನ ಸುಳ್ಳಲ್ಲ. ಮಾತಾಡಲಾಗದ ಕೆಲವರಿಗೆ ಅದು ದನಿ ಕೊಟ್ಟಿದೆ, ಮುಂದೆ ಇನ್ನೂ ಹಲವರಿಗೆ ಕೊಡಬಹುದು. ಆ ದಿನ ಬಂದಿದೆ ಎಂದು ಇವತ್ತೇ ಹೇಳಿ ಒಂದು ಮನೆಯ ಉಳಿತಾಯ ಕರಗಿಸುವುದು ಬೇಡ. ಗ್ರೂಪಿನಲ್ಲಿ ಆ ಚೆಸ್ ವಿಡಿಯೊ ಮತ್ತೆ ಬಂದರೆ ಅದರ ಕೆಳಗೆ ಇದನ್ನೂ ಹಾಕಿ.