ಬೆಕ್ಕು, ಬೂದಿ ಮತ್ತು ನಮ್ಮ ಅಂಗಳ

ಸಂಸ್ಕೃತದಲ್ಲಿ ಬೆಕ್ಕಿಗೆ ‘ಮಾರ್ಜಾರ’ ಅಥವಾ ‘ಮಾರ್ಜಾಲ’ ಎಂದು ಹೆಸರು. ಒರೆಸು, ಶುಚಿಗೊಳಿಸು ಎಂಬರ್ಥದ ‘ಮೃಜ್’ ಧಾತುವಿನಿಂದ ಬಂದ ಪದವಿದು. ಪೊರಕೆಯನ್ನು ಸೂಚಿಸುವ ‘ಮಾರ್ಜನಿ’ಯ ಮೂಲವೂ ಅದೇ. ಸದಾ ಮೈ ನೆಕ್ಕಿಕೊಂಡು ಚೊಕ್ಕಟವಾಗಿರುವ ಪ್ರಾಣಿಗೆ ಒಪ್ಪುವ ಹೆಸರು. ಆದರೆ ಮುಂಬಯಿ, ಪುಣೆ, ದೆಹಲಿಗಳ ವಸತಿ ಸಂಕೀರ್ಣಗಳಲ್ಲಿರುವ ನಾವು ಅದರ ಸುದ್ದಿ ಕೇಳುವುದು ಹೆಚ್ಚಾಗಿ ದೂರುಗಳ ರೂಪದಲ್ಲಿಯೇ. ಹೂಕುಂಡದ ಮಣ್ಣು ಕೆದಕಿತು, ತುಳಸಿಕಟ್ಟೆಯ ಬದಿಯಲ್ಲಿ ಹೊಲಸು ಮಾಡಿತು, ಮಕ್ಕಳು ಆಡುವ ಮರಳನ್ನು ಕೆಡಿಸಿತು. ಶುಚಿತ್ವದ ಹೆಸರು ಹೊತ್ತ ಪ್ರಾಣಿ ಅಂಗಳದ ಅಪರಾಧಿಯಾದದ್ದು ಹೇಗೆ? ಇದಕ್ಕೆ ಉತ್ತರ ಬೆಕ್ಕಿನ ಸ್ವಭಾವದಲ್ಲಿ ಮಾತ್ರವಲ್ಲ, ನಮ್ಮ ಮನೆಗಳ ಚರಿತ್ರೆಯಲ್ಲಿಯೂ ಇದೆ.

ಬೆಕ್ಕನ್ನು ಮನುಷ್ಯ ಪಳಗಿಸಿದನೆನ್ನುವುದಕ್ಕಿಂತ ಬೆಕ್ಕೇ ಮನುಷ್ಯನ ಬಳಿಗೆ ಬಂದಿತೆನ್ನುವುದು ಹೆಚ್ಚು ಸರಿ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾಗಿ ಧಾನ್ಯದ ಕಣಜಗಳು ತುಂಬಿದಾಗ ಇಲಿಗಳು ಬಂದವು. ಇಲಿಗಳ ಹಿಂದೆ ಕಾಡುಬೆಕ್ಕುಗಳು ಬಂದವು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಹೂಳಲಾಗಿದ್ದ ಬೆಕ್ಕಿನ ಅಸ್ಥಿಪಂಜರದ ವಿವರಗಳು 2004ರಲ್ಲಿ ಪ್ರಕಟವಾದವು. ಆ ದ್ವೀಪದಲ್ಲಿ ಕಾಡುಬೆಕ್ಕುಗಳು ಸಹಜವಾಗಿ ಇರಲಿಲ್ಲವಾದ್ದರಿಂದ ಅದನ್ನು ದೋಣಿಯಲ್ಲಿ ತಂದಿರಬೇಕು. ಈ ಒಣನಾಡಿನ ಪ್ರಾಣಿ ತನ್ನೊಡನೆ ಒಂದು ಅಭ್ಯಾಸವನ್ನೂ ತಂದಿತು: ಸಡಿಲ ಮಣ್ಣನ್ನು ಅಗೆದು, ಮಲವಿಸರ್ಜಿಸಿ, ಮುಚ್ಚುವುದು. ಬೆಕ್ಕು ಮನೆಯೊಳಗೆ ಸಲ್ಲುವಂತಾದದ್ದು ಈ ಅಭ್ಯಾಸದಿಂದ; ಇಂದು ದೂರಿಗೆ ಕಾರಣವಾಗಿರುವುದೂ ಇದೇ ಅಭ್ಯಾಸ.

ನಮ್ಮ ಹಳೆಯ ಮನೆಗಳಲ್ಲಿ ಇದು ದೊಡ್ಡ ಸಮಸ್ಯೆಯಾಗದಿದ್ದುದಕ್ಕೆ ಕಾರಣಗಳಿದ್ದವು. ಮುಂದಿನ ಅಂಗಳ ಸೆಗಣಿ ಸಾರಿಸಿ ಗಟ್ಟಿಯಾಗಿರುತ್ತಿತ್ತು. ಅಲ್ಲಿ ಕೆದಕಲು ಆಸ್ಪದವಿರಲಿಲ್ಲ. ಹಿತ್ತಲಲ್ಲಿ ಒಲೆಯ ಬೂದಿಯ ಗುಡ್ಡೆ, ತಿಪ್ಪೆಗುಂಡಿ, ತರಕಾರಿ ಪಾತಿಗಳಿದ್ದವು. ಬಡತನವನ್ನು ಸೂಚಿಸಲು ‘ಒಲೆಯಲ್ಲಿ ಬೆಕ್ಕು ಮಲಗಿದೆ’ ಎನ್ನುವ ನಮ್ಮ ಮಾತಿನಲ್ಲಿಯೂ ಬೆಕ್ಕು ಮತ್ತು ಬೂದಿಯ ಹಳೆಯ ಒಡನಾಟ ಉಳಿದಿದೆ. ಅಡುಗೆ ಅನಿಲ ಬಂದು ಬೂದಿ ಹೋಯಿತು. ಕಾಂಕ್ರೀಟು ಬಂದು ಹಿತ್ತಲು ಹೋಯಿತು. ಇಡೀ ಸಂಕೀರ್ಣದಲ್ಲಿ ಉಳಿದಿರುವ ಮೆತ್ತನೆಯ ಮಣ್ಣೆಂದರೆ ನಮ್ಮ ಹೂಕುಂಡ ಮತ್ತು ಮಕ್ಕಳ ಆಟದ ಮೂಲೆ. ಬೆಕ್ಕು ಅಲ್ಲಿಗೇ ಬರುತ್ತದೆ.

ಅಮೆರಿಕದಲ್ಲಿಯೂ ಮನೆಬೆಕ್ಕಿಗೆ ಬೂದಿ ಅಥವಾ ಮರಳಿನ ಪೆಟ್ಟಿಗೆ ಇಡುವ ರೂಢಿಯಿತ್ತು. 1947ರ ಚಳಿಗಾಲದಲ್ಲಿ ಮಿಷಿಗನ್‌ನ ಎಡ್ ಲೋ ಎಂಬ ವ್ಯಾಪಾರಿ, ಮರಳು ಕೇಳಿಬಂದ ನೆರೆಯವರಿಗೆ, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಲು ಬಳಸುತ್ತಿದ್ದ ಜೇಡಿಯ ಹರಳುಗಳನ್ನು ಕೊಟ್ಟನು. ಅದು ನಾವು ಮುಲ್ತಾನಿ ಮಿಟ್ಟಿ ಎಂದು ಕರೆಯುವ ಮಣ್ಣಿನ ಜಾತಿಗೇ ಸೇರಿದ್ದು. ಅದರಿಂದ ದೊಡ್ಡ ಉದ್ಯಮವೇ ಬೆಳೆಯಿತು. ಸಾಕಿದ ಬೆಕ್ಕುಗಳು ಮನೆಯೊಳಗೇ ನೆಲೆಸಿದವು. ಒಡೆಯರಿಲ್ಲದ ಬೆಕ್ಕುಗಳಿಗೆ ಮಾತ್ರ ಪರರ ಅಂಗಳವೇ ಗತಿಯಾಯಿತು.

ಕಾನೂನಿನಿಂದ ಇದನ್ನು ತಡೆಯಬಹುದೇ? 1949ರಲ್ಲಿ ಇಲಿನಾಯ್ ಶಾಸನಸಭೆಯು ಪಕ್ಷಿಗಳ ರಕ್ಷಣೆಗಾಗಿ ಬೆಕ್ಕುಗಳ ಅಲೆದಾಟವನ್ನು ನಿರ್ಬಂಧಿಸುವ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಪಾಲ ಅಡ್ಲೈ ಸ್ಟೀವನ್‌ಸನ್ ಅದನ್ನು ತಿರಸ್ಕರಿಸಿದರು. ಒಂದಿಷ್ಟು ಅಲೆಯುವುದು ಬೆಕ್ಕಿನ ಪ್ರಕೃತಿ. ಇದನ್ನು ಶಾಸನದಿಂದ ಬಗೆಹರಿಸಲು ಹೊರಟರೆ ನಾಳೆ ನಾಯಿ-ಬೆಕ್ಕುಗಳ, ಹಕ್ಕಿ-ಹುಳುಗಳ ವ್ಯಾಜ್ಯದಲ್ಲಿಯೂ ತೀರ್ಪು ಕೊಡಬೇಕಾದೀತು ಎಂಬುದು ಅವರ ವಾದದ ಸಾರ.

ಉಪಾಯಗಳಿಗೂ ಬರವಿಲ್ಲ. ಜಪಾನಿನಲ್ಲಿ ಬೆಕ್ಕನ್ನು ಬೆದರಿಸಲು ನೀರು ತುಂಬಿದ ಬಾಟಲಿಗಳನ್ನು ಮನೆಯ ಸುತ್ತ ಇಡುವ ಪದ್ಧತಿ ಹಬ್ಬಿತು. ನಮ್ಮಲ್ಲಿ ನಾಯಿಗಳಿಗಾಗಿ ಗೇಟಿನ ಬಳಿ ಬಣ್ಣದ ನೀರಿನ ಬಾಟಲಿ ಇಡುವವರು ಅವರ ಸೋದರರೇ. ಪ್ರಾಣಿಗಳು ಬೇಗನೆ ಇದಕ್ಕೆ ಒಗ್ಗಿಕೊಳ್ಳುತ್ತವೆ. ಬಾಟಲಿ ಮಸೂರದಂತೆ ಬಿಸಿಲನ್ನು ಕೇಂದ್ರೀಕರಿಸಿ ಬೆಂಕಿ ಹೊತ್ತಿಸಬಹುದೆಂದು ಅಲ್ಲಿನ ಅಗ್ನಿಶಾಮಕ ಇಲಾಖೆಗಳೇ ಎಚ್ಚರಿಸಿವೆ. ಫಿನೈಲ್ ಮತ್ತು ನುಸಿಗುಳಿಗೆಗಳು ಇನ್ನೂ ಅಪಾಯಕಾರಿ. ಅವು ಬೆಕ್ಕಿಗೆ ವಿಷ, ಮಕ್ಕಳಿಗೂ ಕ್ಷೇಮವಲ್ಲ.

ಹಾಗೆಂದು ದೂರುವವರ ಆತಂಕ ಹುಸಿಯಲ್ಲ. 1908ರಲ್ಲಿ ಟ್ಯೂನಿಸ್‌ನಲ್ಲಿ ದಂಶಕವೊಂದರಲ್ಲಿ ಕಂಡುಬಂದ ಟೊಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯು ಬೆಕ್ಕಿನ ಮಲದ ಮೂಲಕ ಹರಡಬಲ್ಲದೆಂಬುದು 1970ರ ಸುಮಾರಿಗೆ ಖಚಿತವಾಯಿತು. ಗರ್ಭಿಣಿಗೆ ಮೊದಲ ಬಾರಿ ಸೋಂಕು ತಗಲಿದರೆ ಶಿಶುವಿಗೆ ಅಪಾಯವುಂಟು. ಆದರೆ ಮಲದಲ್ಲಿರುವ ಈ ಜೀವಿ ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಕೈಗವಸು ತೊಟ್ಟು ದಿನವೂ ತೆಗೆದುಹಾಕಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು.

ಓಡಿಸುವುದಾಗಲಿ ಕೊಲ್ಲುವುದಾಗಲಿ ಬಹುಕಾಲ ಫಲ ಕೊಡುವುದಿಲ್ಲ. ಆಹಾರವೂ ಆಶ್ರಯವೂ ಇರುವ ತೆರವಾದ ಜಾಗಕ್ಕೆ ಬೇರೆ ಬೆಕ್ಕುಗಳು ಬರುತ್ತವೆ. ಇಟಲಿಯು 1991ರ ಕಾನೂನಿನಲ್ಲಿ ಬೀದಿ ಬೆಕ್ಕುಗಳಿಗೆ ಸಂತಾನಹರಣ ಮಾಡಿ ಅವುಗಳ ಗುಂಪಿಗೇ ಹಿಂದಿರುಗಿಸುವ ಮಾರ್ಗವನ್ನು ಹಿಡಿಯಿತು. ಸೀಸರನ ಹತ್ಯೆ ನಡೆದ ರೋಮ್‌ನ ಅವಶೇಷಗಳ ನಡುವೆ ಇಂದು ಬೆಕ್ಕುಗಳು ಆರೈಕೆಯಲ್ಲಿವೆ. ನಮ್ಮಲ್ಲಿ, ಮದರಾಸಿನ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಅದರ ಪ್ರಕಾರ ಪ್ರಾಣಿಗಳಿಗೆ ವಿಷಪದಾರ್ಥ ಉಣಿಸುವುದು ಅಪರಾಧ. ಸಂಘದ ಸಭೆಯಲ್ಲಿ ಯಾರಾದರೂ ವಿಷದ ಮಾತೆತ್ತಿದರೆ ನಾವು ನೆನಪಿಸಬೇಕಾದದ್ದು ಇದನ್ನೇ.

ಹಾಗಾದರೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಕುಂಡದ ಮಣ್ಣಿನ ಮೇಲೆ ಉರುಟು ಕಲ್ಲುಗಳನ್ನು ಹಾಸುವುದು, ಪಾತಿಯ ಮೇಲ್ಪದರದ ಕೆಳಗೆ ತಂತಿಬಲೆ ಹರಡುವುದು, ಮಕ್ಕಳ ಮರಳಿಗೆ ರಾತ್ರಿ ಹೊದಿಕೆ ಹಾಕುವುದು, ಎಂಜಲನ್ನು ತೆರೆದಿಡದಿರುವುದು, ವಂತಿಗೆ ಕೂಡಿಸಿ ಸಂತಾನಹರಣ ಚಿಕಿತ್ಸೆ ಮಾಡಿಸುವುದು. ಇವೆಲ್ಲಕ್ಕೂ ಮೊದಲು, ಯಾರೂ ಸುಳಿಯದ ಒಂದು ಮೂಲೆಯಲ್ಲಿ ಮರಳು ಸುರಿದು, ನಿತ್ಯ ಚೊಕ್ಕಟಗೊಳಿಸುವ ಏರ್ಪಾಡು ಮಾಡುವುದು. ಹಿಂದೆ ಹಿತ್ತಲ ಬೂದಿಗುಡ್ಡೆ ತಾನಾಗಿ ಒದಗಿಸುತ್ತಿದ್ದ ಜಾಗವನ್ನು ಈಗ ನಾವು ಯೋಚಿಸಿ ಒದಗಿಸಬೇಕಾಗಿದೆ, ಅಷ್ಟೇ.