ಸೆರೆಂಡಿಪಿಟಿ: ರೂಪದ ಮೂಲ, ಅರ್ಥದ ಮೂಲ

‘ಸೆರೆಂಡಿಪಿಟಿ’ ಸಂಸ್ಕೃತದಿಂದ ಹೋದ ಇಂಗ್ಲಿಷ್ ಪದ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. ಈ ಪದದ ರೂಪ ಬಂದ ದಾರಿ ಬೇರೆ, ಅರ್ಥ ಬಂದ ದಾರಿ ಬೇರೆ.

ರೂಪದ ದಾರಿ ಬಲು ಹಳೆಯದು. ಲಂಕೆಯ ಹೆಸರಾದ ಸಂಸ್ಕೃತದ ‘ಸಿಂಹಲದ್ವೀಪ’, ಪಾಲಿಯ ‘ಸೀಹಳದೀಪ’ ಅರಬ್ಬಿ, ಪಾರಸಿಗಳಲ್ಲಿ ‘ಸರಂದೀಬ್’ ಆಗಿದೆ. ಇಲ್ಲಿನ ರಕಾರವನ್ನು ಅರಬ್ ನಾವಿಕರ ಉಚ್ಚಾರಣೆಗೆ ಕಟ್ಟಿಬಿಡಬಹುದು ಎನಿಸುತ್ತದೆ. ಆದರೆ 4ನೆಯ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್, ಜೂಲಿಯನ್ ಚಕ್ರವರ್ತಿಗೆ ಬಂದ ದೂತರನ್ನು ಹೆಸರಿಸುವಾಗಲೇ ‘ಸೆರೆಂದಿವಿ’ ಎಂದು ಬರೆದಿದ್ದಾನೆ. ರಕಾರ ಇಸ್ಲಾಮಿನ ಉದಯಕ್ಕಿಂತ ಹಿಂದಿನದು.

ಅರ್ಥದ ಕಡೆಗೆ ಬಂದರೆ ಲಂಕೆ ಹಿಂದೆ ಸರಿಯುತ್ತದೆ. ದೆಹಲಿಯ ಅಮೀರ್ ಖುಸ್ರೋ 1302ರ ಸುಮಾರಿಗೆ ಪಾರಸಿಯಲ್ಲಿ ರಚಿಸಿದ ‘ಹಷ್ತ್ ಬಿಹಿಷ್ತ್’ ಕಾವ್ಯದಲ್ಲಿ ಸರಂದೀಬಿನ ಮೂವರು ರಾಜಕುಮಾರರ ಕತೆಯಿದೆ. ಅದು 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ರೂಪ ತಾಳಿತು. ಫ್ರೆಂಚ್ ಮೂಲಕ 1722ರಲ್ಲಿ ಲಂಡನ್ ತಲುಪಿತು. ರಾಜಕುಮಾರರು ಕಣ್ಣಾರೆ ನೋಡದ ಒಂಟೆಯನ್ನು ಬಣ್ಣಿಸುತ್ತಾರೆ: ದಾರಿಯ ಒಂದೇ ಬದಿಯ ಹುಲ್ಲು ಮೇಯ್ದಿದ್ದರಿಂದ ಅದಕ್ಕೆ ಒಂದು ಕಣ್ಣಿಲ್ಲ, ಅಗಿದ ಹುಲ್ಲಿನ ತುಣುಕು ಉದುರಿದ್ದರಿಂದ ಹಲ್ಲೊಂದು ಹೋಗಿದೆ. ಇಷ್ಟು ಖಚಿತವಾಗಿ ಹೇಳಿದ್ದೇ ಅವರಿಗೆ ಕಳ್ಳತನದ ಆರೋಪ ತರುತ್ತದೆ. ಗಮನಿಸಬೇಕು, ಇಲ್ಲಿ ಅದೃಷ್ಟದ ಪಾಲು ತೀರಾ ಕಡಿಮೆ. ಇದು ಅನುಮಾನಪ್ರಮಾಣದ, ಎಂದರೆ ಕುರುಹುಗಳಿಂದ ತರ್ಕಿಸುವ ಕತೆ.

ಪದವನ್ನು ಟಂಕಿಸಿದವನು ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್. ಫ್ಲಾರೆನ್ಸಿನಲ್ಲಿದ್ದ ಗೆಳೆಯ ಹೊರೇಸ್ ಮ್ಯಾನ್ ಅವನಿಗೆ ಬಿಯಾಂಕಾ ಕಪೆಲ್ಲೊಳ ಭಾವಚಿತ್ರ ಕಳಿಸಿದ್ದ. ಕಪೆಲ್ಲೊ ಮನೆತನದ ಲಾಂಛನದ ವಿವರ ಹಳೆಯ ಪುಸ್ತಕವೊಂದರಲ್ಲಿ ತಾನಾಗಿ ಕಣ್ಣಿಗೆ ಬಿದ್ದಾಗ, 1754ರ ಜನವರಿ 28ರ ಪತ್ರದಲ್ಲಿ ವಾಲ್ಪೋಲ್ ಈ ಪದವನ್ನು ಹೊಸೆದ. ಹುಡುಕದೇ ಇದ್ದುದನ್ನು ಆಕಸ್ಮಿಕ ಮತ್ತು ಸೂಕ್ಷ್ಮಬುದ್ಧಿ ಎರಡರಿಂದಲೂ ಕಂಡುಕೊಳ್ಳುವುದು ಎಂದು ಅರ್ಥವನ್ನೂ ಹೇಳಿದ. ಕತೆಯನ್ನು ನೆನಪಿನಿಂದ ಬರೆದನೆಂದು ತೋರುತ್ತದೆ. ಒಂಟೆ ಅಲ್ಲಿ ಹೇಸರಗತ್ತೆಯಾಗಿದೆ. ಕತೆಯಲ್ಲಿ ಪ್ರಧಾನವಲ್ಲದ ‘ಆಕಸ್ಮಿಕ’ವೂ ಹೀಗೆಯೇ ಅವನ ಸೇರ್ಪಡೆ. ಅಂದರೆ ಈ ಅರ್ಥದ ಜನ್ಮಸ್ಥಳ 18ನೆಯ ಶತಮಾನದ ಇಂಗ್ಲೆಂಡೇ ಎಂಬುದು ನನ್ನ ನಿಲುವು.

ಆ ಪತ್ರ ಅಚ್ಚಾದದ್ದು 1833ರಲ್ಲಿ. 1945ರಲ್ಲಿ ಶರೀರಕ್ರಿಯಾವಿಜ್ಞಾನಿ ವಾಲ್ಟರ್ ಕ್ಯಾನನ್ ತನ್ನ ಪುಸ್ತಕದ ಒಂದು ಅಧ್ಯಾಯವನ್ನೇ ಸೆರೆಂಡಿಪಿಟಿಗೆ ಮೀಸಲಿಟ್ಟ. ಇಂದಿನ ಬಳಕೆಯಲ್ಲಿ ಈ ಪದಕ್ಕೆ ಉಳಿದಿರುವುದು ಬಹುಮಟ್ಟಿಗೆ ಆಕಸ್ಮಿಕದ ಅರ್ಥ ಮಾತ್ರ. ಇದು ದೊಡ್ಡ ನಷ್ಟ. ಉದಾಹರಣೆಗೆ, 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ನ ತಟ್ಟೆಗೆ ಬೂಷ್ಟು ಬಂದು ಬಿದ್ದದ್ದು ಆಕಸ್ಮಿಕ; ಅದರ ಸುತ್ತ ಬ್ಯಾಕ್ಟೀರಿಯಾ ಕರಗಿದ್ದನ್ನು ಗುರುತಿಸಿ ಬೆನ್ನುಹತ್ತಿದ್ದು ವಾಲ್ಪೋಲ್ ಹೇಳಿದ ಸೂಕ್ಷ್ಮಬುದ್ಧಿ.