ಮಾವಿನ ಕಸಿ: ಬೀದರ ಸೀಮೆಯ ಹಿತ್ತಲುಗಳಲ್ಲಿ

ನಾಟಿ ಮಾವಿನ ಸಸಿಗೆ ಉತ್ತಮ ತಳಿಯ ಕಡ್ಡಿಯನ್ನು ಕೂಡಿಸಿ, ಮಾತೃವೃಕ್ಷದ ಗುಣಗಳನ್ನು ಯಥಾವತ್ತಾಗಿ ಪಡೆಯುವ ನಿರ್ಲಿಂಗ ವಂಶಾಭಿವೃದ್ಧಿಯ ಕ್ರಮ. ಬೀದರ ಸೀಮೆಯಲ್ಲಿ ಹಿತ್ತಲ ಕಸಿಗೆ ಮಾವು ಯೋಗ್ಯವಾದ ಫಲವೃಕ್ಷವೆನಿಸಿದೆ.

ತಳಿ: ದಶೇರಿ ಮತ್ತು ನೀಲಂಗಳ ಸಂಕರದಿಂದ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಉದ್ಭವಿಸಿದ ಆಮ್ರಪಾಲಿಯು ಗಿಡ್ಡನೆಯ ಬೆಳವಣಿಗೆಯುಳ್ಳದ್ದಾಗಿಯೂ ಪ್ರತಿವರ್ಷ ಫಲಿಸುವುದಾಗಿಯೂ ಇರುವುದರಿಂದ, 2.5 ಮೀಟರ್ ಅಂತರದಲ್ಲಿಯೂ ಬೆಳೆಯಬಲ್ಲುದು. ಕಿರುದೋಟಕ್ಕೆ ಅದು ತಕ್ಕುದು.

ವಿಧಾನ: ಮೃದುಕಾಂಡ ಕಸಿಯು ಮಳೆಗಾಲದಲ್ಲಿ, ಗಾಳಿಯು ತೇವದಿಂದ ಕೂಡಿರುವಾಗ, ಸಫಲವಾಗುವುದು. ಆಯ್ದ ಕಡ್ಡಿಯ ಎಲೆಗಳನ್ನು ಸುಮಾರು 8–10 ದಿನ ಮೊದಲೇ ತೊಟ್ಟುಳಿಸಿ ಕತ್ತರಿಸಿದರೆ ಅದರ ತುದಿಮೊಗ್ಗು ಉಬ್ಬುವುದು. ಆಗ ಅದರ ಬುಡವನ್ನು 4–5 ಸೆಂ.ಮೀ. ಉದ್ದದ ಬೆಣೆಯಾಗಿ ಕೆತ್ತಿ, ಸಸಿಯ ತಾಮ್ರವರ್ಣದ ಎಳೆಗಾಂಡವನ್ನು ಸವರಿ ಸೀಳಿದ ಸೀಳಿನಲ್ಲಿ, ತೊಗಟೆಗೆ ತೊಗಟೆ ತಾಗುವಂತೆ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಎರಡು ಮೂರು ವಾರಗಳಲ್ಲಿ ಚಿಗುರು ಕಾಣುವುದು.

ಸ್ಥಳೋಚಿತ ಕ್ರಮ: ಬೀದರ ನಗರದ ಜಂಬಿಟ್ಟಿಗೆಯ ಕೆಂಪು ನೆಲವು ನೀರನ್ನು ಬೇಗ ಬಸಿದುಬಿಡುವುದು; ಭಾಲ್ಕಿ, ಔರಾದಗಳ ಕಪ್ಪುನೆಲವಾದರೋ ನೀರು ಹಿಡಿಯುವುದರಿಂದ ಏರುಮಡಿಯಲ್ಲಿ ನೆಡುವುದು ಕ್ಷೇಮ. ಓಟೆಯನ್ನು ಗುಣಿಯಲ್ಲಿಯೇ ಊರಿ, ಸಸಿಯನ್ನು ಕೀಳದೆ ಅಲ್ಲಿಯೇ ಕಸಿಮಾಡಿದರೆ, ತಾಯಿಬೇರು ಆಳಕ್ಕಿಳಿದು ಮರವು ಬರವನ್ನು ತಾಳುವುದು.

ಪೋಷಣೆ: ಕಸಿಗಂಟಿನ ಕೆಳಗೆ ಹೊಮ್ಮುವ ಚಿಗುರನ್ನು ಆಗಾಗ್ಗೆ ಚಿವುಟದಿದ್ದರೆ ನಾಟಿ ಸಸಿಯೇ ಮೇಲುಗೈಯಾಗಿ ಕಸಿಯು ಸೊರಗುವುದು. ಮೊದಲ ಎರಡು ಮೂರು ವರ್ಷಗಳ ಹೂಗೊಂಚಲನ್ನು ತೆಗೆದುಹಾಕುವುದು ವಾಡಿಕೆ.